ಮುಂದೆ ಹೋದ ಭಾವ

ಯಾತ್ರೆಯ ಒಂಬತ್ತನೆಯ ದಿನ ನನ್ನ ಹಿಮ್ಮಡಿ ಒಡೆದು ಕೀವಾಗಿತ್ತು. ಅಕ್ಕನ ಗಂಡನದು ಮೊದಲಿನಿಂದಲೂ ಬಿರುಸು ನಡಿಗೆ. "ಛತ್ರದಲ್ಲಿ ಸಿಗ್ತೀನಿ, ನಿಧಾನಕ್ಕೆ ಬಾ" ಎಂದು ಬೆಳಿಗ್ಗೆಯೇ ಮುಂದೆ ಹೋದರು.

ನಡುಮಧ್ಯಾಹ್ನ ಯಾರೋ ಹಿಂದಿನಿಂದ ಬಂದು ನನ್ನ ಕತ್ತು ಹಿಸುಕಿದರು. ಆ ಸುಡುಬಿಸಿಲಲ್ಲೂ ಬೆರಳುಗಳು ಮಂಜುಗಡ್ಡೆಯಂತೆ ಕೊರೆಯುತ್ತಿದ್ದವು. ನೆಲಕ್ಕೆ ಬಿದ್ದಲ್ಲೇ ಕೈಗೆ ಸಿಕ್ಕ ಕಲ್ಲೆತ್ತಿ ಹಿಂದಕ್ಕೆ ಬೀಸಿ ಮುಖ ಜಜ್ಜಿದೆ. ಮೂಗು ಮುರಿದ ಸದ್ದಾಯಿತು. ಹಿಡಿತ ಸಡಿಲಿದಾಗ ನೋಡಿದರೆ ಭಾವ! ರಕ್ತ ಉಗುಳುತ್ತಾ "ನಿಧಾನಕ್ಕೆ ಬಾ" ಎಂದರು. ನಾನು ಎದ್ದುಬಿದ್ದು ಓಡಿದೆ.

ಛತ್ರದ ಜಗಲಿಯಲ್ಲಿ ಭಾವ ಕಾಲು ಚಾಚಿ ಕೂತಿದ್ದರು. ಮುಖದ ಮೇಲೆ ಒಂದು ಗೀರೂ ಇರಲಿಲ್ಲ.

"ಇವರು ಹನ್ನೊಂದಕ್ಕೇ ಬಂದ್ರಲ್ಲ" ಎಂದ ಕಾವಲುಗಾರ.

ಭಾವ ಎದ್ದು ಬಂದು ನನ್ನ ರಕ್ತದ ಕೈಗಳಿಗೆ ನೀರು ಹುಯ್ದರು. "ಉಗುರಿನ ಸಂದೀನೂ ತೊಳ್ಕೋ. ಅಕ್ಕಂಗೆ ಹೇಳ್ಬೇಡ."

ಅದು ಯಾರ ರಕ್ತವೆಂದು ಅವರು ಇವತ್ತಿನವರೆಗೂ ಕೇಳಿಲ್ಲ.