ಸೋಮವಾರದ ಪಿಕಪ್

"ಅಪ್ಪಾ, ಹಿಂದ ಲೂನಾ ಅಜ್ಜ ಬಂದಾನ ನೋಡು," ಎಂದಳು ರುತುಜಾ.

ತವಂದಿ ಘಾಟಿನ ಏರು. ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕನೊಬ್ಬ ಹಳೆಯ ಲೂನಾ ಮೊಪೆಡ್ಡಿನ ಮೇಲೆ ಟುರ್ ಟುರ್ ಎನ್ನುತ್ತ ಅವರ ಪಿಕಪ್ಪಿನ ಪಕ್ಕಕ್ಕೆ ಬಂದ. ಕಿಟಕಿಯಲ್ಲಿ ಇಣುಕಿದ. ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿ ಮುಂದೆ ಹೋಗಿಯೇಬಿಟ್ಟ.

ರುತುಜಾಳ ಅಪ್ಪ ಸಿದ್ಧಲಿಂಗನ ಮುಖ ಕೆಂಪಾಯಿತು. ಎಕ್ಸಲೇಟರನ್ನು ಇನ್ನಷ್ಟು ಒತ್ತಿದ. ಪಿಕಪ್ ಬೊಬ್ಬೆ ಹೊಡೆಯಿತೇ ಹೊರತು ಓಡಲಿಲ್ಲ. ಮೇಲಿನ ಗೇರ್ ಬೀಳವಲ್ಲದು ಎಂದು ಗೊಣಗಿದ.

"ಬೀಳದಿದ್ರ ನೀ ಹಾಕಪಾ," ಎಂದಳು ಮುಂದಿನ ಸೀಟಿನಲ್ಲಿದ್ದ ಆಯಿ. ಆಯಿ ಎಂದರೆ ಸಿದ್ಧಲಿಂಗನ ತಾಯಿ ಕಲ್ಲವ್ವ, ರುತುಜಾಳ ಅಜ್ಜಿ.

"ಇದು ಆಟೋಮ್ಯಾಟಿಕ್ ಐತಿ ಅವ್ವಾ. ನಾ ಹಾಕಂಗಿಲ್ಲ. ಅದಽ ಹಾಕ್ಕೋಬೇಕು."

"ಹಂಗಾರ ಅದಕ್ಕ ಹೇಳು."

ಹಿಂದಿನ ಸೀಟಿನಲ್ಲಿದ್ದ ರುತುಜಾಳಿಗೆ ನಗು ಬಂತು. ಕನ್ನಡಿಯಲ್ಲಿ ಅಪ್ಪನ ಮುಖ ಕಂಡಿದ್ದೇ ತಡ, ನಗುವನ್ನು ನುಂಗಿಕೊಂಡಳು.

ಗಡಹಿಂಗ್ಲಜದ ಹತ್ತಿರದ ಅವರ ಹಳ್ಳಿಗೆ ಈ ಡೀಸೆಲ್ ಪಿಕಪ್ ಬಂದದ್ದು ಶ್ರಾವಣಕ್ಕೆ ಸ್ವಲ್ಪ ಮುಂಚೆ. ಅಪ್ಪ ಅದರಲ್ಲಿ ತರಕಾರಿ ತುಂಬಿಕೊಂಡು ಕೊಲ್ಹಾಪುರದ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಹಳೆಯ ಗಾಡಿಯ ಕ್ಲಚ್ ಒತ್ತಿ ಒತ್ತಿ ಅವನ ಎಡಗಾಲಿನ ಮೊಣಕಾಲು ಕೆಟ್ಟುಹೋಗಿತ್ತು. ಸಂಜೆ ಮನೆಗೆ ಬಂದರೆ ಸಣ್ಣ ಮಕ್ಕಳ ಹಾಗೆ ಒಂದೊಂದು ಮೆಟ್ಟಿಲಿನ ಮೇಲೂ ಎರಡೂ ಕಾಲಿಟ್ಟು ಹತ್ತುತ್ತಿದ್ದ. ಆಯಿ ಉಪ್ಪು ಹುರಿದು, ಗಂಟು ಕಟ್ಟಿ ಶಾಖ ಕೊಡುತ್ತಿದ್ದಳು. ಹೊಸ ಗಾಡಿಗೆ ಕ್ಲಚ್ಚೇ ಇಲ್ಲ. ಅದು ಬಂದ ಮೇಲೆ ಅಪ್ಪ ಮೆಟ್ಟಿಲು ಹತ್ತುವ ರೀತಿಯೇ ಬದಲಾಗಿತ್ತು. ರುತುಜಾಳಿಗೆ ಗಾಡಿ ಇಷ್ಟವಾಗಿದ್ದು ಅದಕ್ಕೇ.

ಗಾಡಿಯ ಪೂಜೆಯ ದಿನ ಆಯಿ ಮಗನಿಗೊಂದು ಉಡುಗೊರೆ ಕೊಟ್ಟಿದ್ದಳು. ಕೊಲ್ಹಾಪುರದಲ್ಲಿ ಹೇಳಿ ಮಾಡಿಸಿದ ಚಪ್ಪಲಿ. ದಪ್ಪ ಅಟ್ಟೆ, ಅಗಲ ಅಂಚು. ನಡೆದರೆ ಕರ್ ಕರ್ ಎಂದು ಓಣಿಗೆಲ್ಲ ಕೇಳಬೇಕು, ಹಾಗೆ ಮಾಡಿಸಿದ್ದಳು. ತೊಗಲು ಒಣಗಿ ಆ ಸಪ್ಪಳ ಎಲ್ಲಿ ಕಡಿಮೆಯಾದೀತೋ ಎಂದು ದಿನಾ ಸಂಜೆ ತಾನೇ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಆದರೆ ಗಾಡಿ ಮಾತ್ರ ಬಂದ ದಿನದಿಂದಲೇ ಹಟ ಹಿಡಿದಿತ್ತು.

ತಾನಾಜಿ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದರು. ಅವನು ಗೇರ್ ಬಾಕ್ಸಿನ ಎಣ್ಣೆ ತೆಗೆದು ಬೆರಳಿಗೆ ಹಚ್ಚಿಕೊಂಡ, ಮೂಸಿದ, "ತೇಲ್ ಏಕದಮ್ ಚಾಂಗ್ಲಂ ಆಹೆ", ಎಣ್ಣೆಯಲ್ಲಿ ಏನೂ ದೋಷವಿಲ್ಲ ಎಂದ. ರಬ್ಬರ್ ಚಪ್ಪಲಿಯಲ್ಲೇ ಹತ್ತಿ ಗಡಹಿಂಗ್ಲಜದ ಏರುಗಳನ್ನೆಲ್ಲ ಸುತ್ತಿಸಿಕೊಂಡು ಬಂದ. ಗಾಡಿ ಬೆಣ್ಣೆಯ ಹಾಗೆ ಹೋಯಿತು. ಅಪ್ಪ ಕೂತು ಓಡಿಸಿದ್ದೇ ತಡ, ಮತ್ತೆ ಗುರ್ ಎಂದಿತು. ತಾನಾಜಿ ತಲೆ ಕೆರೆದುಕೊಂಡ. ಗಾಡಿಗೆ ನೀವು ಮನಸ್ಸಿಗೆ ಬಂದಿಲ್ಲ ಕಾಣ್ತೈತ್ರಿ ಎಂದು ನಕ್ಕ.

ಕೊಲ್ಹಾಪುರದ ದೊಡ್ಡ ವರ್ಕ್‌ಶಾಪಿನಲ್ಲಿ ವೈರು ಚುಚ್ಚಿ ಕಂಪ್ಯೂಟರ್ ಹಚ್ಚಿದರು. ಕಂಪ್ಯೂಟರ್ ಬಹಳ ಹೊತ್ತು ಯೋಚಿಸಿ, ಎಲ್ಲಾ ಓಕೆ ಎಂದಿತು. ಅಲ್ಲಿಂದ ಹೊರಟ ಗಾಡಿ ಮೊದಲ ಏರಿನಲ್ಲೇ ಮತ್ತೆ ನರಳಿತು.

ಸುದ್ದಿ ಊರಿಗೆ ಹಬ್ಬಿತು. ಟ್ರ್ಯಾಕ್ಟರ್ ಹೊಡೆಯುವ ಹಾಲಸಿದ್ದ ಕಾಕಾನಿಗಂತೂ ಹಬ್ಬ. ಅಪ್ಪ ಕಂಡಾಗಲೆಲ್ಲ, "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ" ಎಂದು ಆಕಾಶ ನೋಡಿಕೊಂಡು ಹೇಳುತ್ತಿದ್ದ.

ಇದರ ನಡುವೆ ಒಂದು ಸೋಜಿಗ ನಡೆಯಿತು. ಶ್ರಾವಣ ಸೋಮವಾರ. ಅಪ್ಪನಿಗೆ ಉಪವಾಸ. ಅವತ್ತು ಗಾಡಿ ಹೂ ಎತ್ತಿದ ಹಾಗೆ ಘಾಟು ಹತ್ತಿತು. ಮುಂದಿದ್ದ ಎಸ್.ಟಿ. ಬಸ್ಸನ್ನೂ ಹಿಂದೆ ಹಾಕಿತು. ಮಂಗಳವಾರ ಮತ್ತೆ ಅದೇ ರಾಗ. ಮುಂದಿನ ಸೋಮವಾರ ಮತ್ತೆ ಸರಿ.

ಆಯಿಗೆ ಎಲ್ಲ ತಿಳಿದುಹೋಯಿತು. "ನಿಮ್ಮ ಕಂಪೂಟರಿಗೆ ಏನ್ ಗೊತ್ತಾಗತೈತಿ? ಇದು ಶಿವಭಕ್ತ ಗಾಡಿ. ಸೋಮವಾರ ಹಿಡದೈತಿ," ಎಂದು ಬಾನೆಟ್ಟಿಗೆ ವಿಭೂತಿ ಬಳಿದಳು. ಓಣಿಯ ಹೆಂಗಸರು ಬಂದು ಗಾಡಿಗೆ ಕೈಮುಗಿದು ಹೋದರು. ಒಬ್ಬಾಕೆ ಊದಿನಕಡ್ಡಿ ಹಚ್ಚಿ ವೈಪರಿಗೆ ಸಿಕ್ಕಿಸಿದಳು.

ಆದರೆ ಮಾರ್ಕೆಟ್ಟು ಸೋಮವಾರ ಒಂದೇ ದಿನ ಇರುವುದಿಲ್ಲವಲ್ಲ. ಅಪ್ಪ ಸೋತುಹೋದ. ಇಚಲಕರಂಜಿಯ ವ್ಯಾಪಾರಿಯೊಬ್ಬ ಇದನ್ನು ಇಟ್ಟುಕೊಂಡು ಕ್ಲಚ್ ಇರುವ ಹಳೆಯ ಗಾಡಿ ಕೊಡುತ್ತೇನೆ ಎಂದಿದ್ದ. ರವಿವಾರ ಹೋಗಿ ಬದಲಿಸಿಕೊಂಡು ಬರುವುದು ಎಂದು ತೀರ್ಮಾನವಾಯಿತು. ಅಂದು ಸಂಜೆ ಅಪ್ಪ ಕೂತು ಮೊಣಕಾಲು ನೀವಿಕೊಂಡ. ರುತುಜಾಳಿಗೆ ಊಟ ಸೇರಲಿಲ್ಲ.

ಶನಿವಾರ ಅವಳು ಸೈಕಲ್ ಮೇಲೆ ಶಾಲೆಗೆ ಹೊರಟಿದ್ದಳು. ಏರಿನಲ್ಲಿ ಪೆಡಲ್ ಕಲ್ಲಿನಷ್ಟು ಭಾರವಾಯಿತು. ಇಳಿದು ನೋಡಿದರೆ ಬ್ರೇಕಿನ ರಬ್ಬರು ಚಕ್ರಕ್ಕೆ ಒಂಚೂರು ತಾಗುತ್ತಿತ್ತು. ಅದನ್ನು ಸರಿಸುತ್ತಿರುವಾಗಲೇ ಅಪ್ಪನ ಪಿಕಪ್ ಗುರ್ ಎನ್ನುತ್ತ ಪಕ್ಕದಲ್ಲಿ ಹಾದುಹೋಯಿತು. ಅದರ ಹಿಂದಿನ ಎರಡು ಕೆಂಪು ದೀಪಗಳು ಉರಿಯುತ್ತಿದ್ದವು.

ಅವು ಬ್ರೇಕ್ ಒತ್ತಿದರೆ ಹತ್ತುವ ದೀಪಗಳು. ಏರು ಹತ್ತುವಾಗ ಯಾರಾದರೂ ಬ್ರೇಕ್ ಒತ್ತುತ್ತಾರೆಯೇ? ರುತುಜಾ ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು. ಬ್ರೇಕ್ ತಾಗಿದರೆ ತನ್ನ ಸೈಕಲ್ಲೇ ಏರಲಿಲ್ಲ. ಗಾಡಿಯಾದರೂ ಪಾಪ, ನಿಲ್ಲು ಅಂತಿದ್ದಾರೋ ಓಡು ಅಂತಿದ್ದಾರೋ ತಿಳಿಯದೆ ಗೇರ್ ಹಾಕದೇ ಕೂತಿರಬೇಕು. ಹಾಗಾದರೆ ಸೋಮವಾರ ಏಕೆ ಸರಿ? ಸೋಮವಾರ ಅಪ್ಪ ಉಪವಾಸ ಇರುತ್ತಾನೆ. ಗುಡಿಗೆ ಹೋಗುತ್ತಾನೆ. ದಿನವಿಡೀ ಬರಿಗಾಲಲ್ಲೇ ಇರುತ್ತಾನೆ.

ಬರಿಗಾಲಲ್ಲಿ!

ಅವತ್ತು ಶಾಲೆಯಲ್ಲಿ ಸರ್ ಏನು ಕಲಿಸಿದರೋ ಅವಳಿಗೆ ಗೊತ್ತಿಲ್ಲ. ಸಂಜೆ ಅಪ್ಪ ಚಹಾ ಕುಡಿಯುತ್ತಿದ್ದಾಗ ಅವನ ಬಲಗಾಲಿನ ಚಪ್ಪಲಿ ಎತ್ತಿಕೊಂಡು ಗಾಡಿಯೊಳಗೆ ತೂರಿದಳು. ಎಕ್ಸಲೇಟರಿನ ಮೇಲಿಟ್ಟು ಒತ್ತಿದಳು. ಚಪ್ಪಲಿಯ ಅಗಲವಾದ ಅಂಚು ಪಕ್ಕದ ಬ್ರೇಕಿನ ಮೇಲೂ ಕೂತಿತು. ಹಳೆಯ ಗಾಡಿಯ ಬ್ರೇಕ್ ಬಿಸ್ಕೀಟಿನಷ್ಟು ಸಣ್ಣದಿತ್ತು. ಕ್ಲಚ್ ಇಲ್ಲದ ಈ ಗಾಡಿಯದ್ದು ಜೋಳದ ಭಕ್ಕರಿಯಷ್ಟು ಅಗಲ.

ಕಂಡುಹಿಡಿದೆ ಎಂದು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಆಯಿ ಎಣ್ಣೆಯ ಬಟ್ಟಲು ಹಿಡಿದು ಬಂದಳು.

"ತಾ ಇಲ್ಲೆ ಅದನ್ನ, ಎಣ್ಣಿ ಹಚ್ಚಬೇಕು," ಎಂದು ಚಪ್ಪಲಿಯನ್ನು ಮಡಿಲಿಗೆ ಹಾಕಿಕೊಂಡಳು. "ನಿಮ್ಮಪ್ಪ ಸಣ್ಣಾವ ಇದ್ದಾಗ ಬರಿಗಾಲಲೇ ಸಾಲಿಗೆ ಹೋಗ್ಯಾನ. ಈಗ ಬಂದ್ರ ಓಣಿಗೆಲ್ಲ ಗೊತ್ತಾಗಬೇಕು, ಸಿದ್ಧಲಿಂಗ ಬಂದಾ ಅಂತ."

ರುತುಜಾ ಗಾಡಿಯಿಂದ ಇಳಿದು, ಎಣ್ಣೆಯ ಬಟ್ಟಲನ್ನು ಆಯಿಯ ಹತ್ತಿರಕ್ಕೆ ಸರಿಸಿದಳು.

ರವಿವಾರ ಬೆಳಿಗ್ಗೆ ಭಕ್ತ ಗಾಡಿಯನ್ನು ಮಾರುವುದನ್ನು ನೋಡಲಾರೆ ಎಂದು ಆಯಿ ಮನೆಯಲ್ಲೇ ಉಳಿದಳು. ಅಪ್ಪನ ಜೊತೆ ರುತುಜಾ ಹೊರಟಳು. ತವಂದಿ ಘಾಟಿನಲ್ಲಿ ಗಾಡಿ ನರಳತೊಡಗಿದಾಗ ಅವಳು ಮೆಲ್ಲಗೆ ಕೇಳಿದಳು.

"ಅಪ್ಪಾ, ಸಿಟ್ಟಾಗಂಗಿಲ್ಲಂದ್ರ ಒಂದು ಹೇಳಲಿ? ಚಪ್ಪಲಿ ಕಳದು ಹೊಡದು ನೋಡು."

"ಯಾಕ? ಇವತ್ತ ಸೋಮವಾರೇನು?"

"ಒಮ್ಮೆ ನೋಡಪಾ."

ಮಾರುವ ಗಾಡಿ, ಇನ್ನೇನು ಎನ್ನುವ ಹಾಗೆ ಅಪ್ಪ ಬದಿಗೆ ನಿಲ್ಲಿಸಿ ಚಪ್ಪಲಿ ಕಳಚಿ ಹಿಂದಿಟ್ಟ. ಬರಿಗಾಲಲ್ಲಿ ಎಕ್ಸಲೇಟರ್ ಒತ್ತಿದ. ಗಾಡಿ ಒಮ್ಮೆ ಉಸಿರೆಳೆದುಕೊಂಡಿತು, ಗೇರ್ ಬಿತ್ತು, ಇನ್ನೊಂದು ಬಿತ್ತು, ಮರಗಳು ಹಿಂದಕ್ಕೆ ಓಡತೊಡಗಿದವು. ಮುಂದೆ ಲೂನಾದ ಅಜ್ಜ ಹೋಗುತ್ತಿದ್ದ. ಅವನನ್ನು ದಾಟುವಾಗ ಅಪ್ಪ ಬೇಕಂತಲೇ ಹಾರ್ನ್ ಹೊಡೆದ.

ಘಾಟಿನ ಮೇಲೆ ಗಾಡಿ ನಿಲ್ಲಿಸಿ, ರುತುಜಾ ಹೇಳಿದ್ದನ್ನೆಲ್ಲ ಕೇಳಿದ. ಬಗ್ಗಿ ಬ್ರೇಕ್ ನೋಡಿದ, ತಿರುಗಿ ಚಪ್ಪಲಿ ನೋಡಿದ. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅವಳ ತಲೆಯ ಮೇಲೆ ಕೈಯಿಟ್ಟು ಗಾಡಿಯನ್ನು ಊರ ಕಡೆಗೆ ತಿರುಗಿಸಿದ.

ದಾರಿಯುದ್ದಕ್ಕೂ ರುತುಜಾ ಮನಸ್ಸಿನಲ್ಲೇ ಭಾಷಣ ತಯಾರು ಮಾಡಿಕೊಂಡಳು. ಮಿಸ್ತ್ರಿಗೆ ತಿಳಿಯಲಿಲ್ಲ, ಕಂಪ್ಯೂಟರಿಗೆ ತಿಳಿಯಲಿಲ್ಲ, ಐದನೇ ಕ್ಲಾಸಿನ ರುತುಜಾ ಕಂಡುಹಿಡಿದಳು. ಹಾಲಸಿದ್ದ ಕಾಕಾನ ಮುಖ ನೋಡಬೇಕು ಆಗ.

ಕಾಕಾ ಅಂಗಳದಲ್ಲೇ ಇದ್ದ. ಗಾಡಿ ತಿರುಗಿ ಬಂದದ್ದು ಕಂಡು ಆಯಿ ಓಡಿ ಬಂದಳು. ಏನಾಗಿತ್ತು, ಹೇಗೆ ಸರಿಹೋಯಿತು ಎಂದು ಇಬ್ಬರೂ ಕೇಳಿದರು.

ಅಪ್ಪ ಬಾಯಿ ತೆರೆದ. ಕೈಯಲ್ಲಿದ್ದ ಚಪ್ಪಲಿ ನೋಡಿದ, ತಾಯಿಯನ್ನು ನೋಡಿದ.

"ನೀ ಹೇಳಿದ್ದಽ ಖರೆ ಅವ್ವಾ. ಇದು ಭಕ್ತ ಗಾಡಿ. ಇದಕ್ಕ ದಿನಾ ಸೋಮವಾರ. ಕಾಲಾಗ ಚಪ್ಪಲಿ ಇಟ್ಕೊಂಡು ಒಳಗ ಹತ್ತಬಾರದು."

"ನಾ ಹೇಳಿದ್ನಿಲ್ಲೋ?" ಎಂದು ಆಯಿ ಹಾಲಸಿದ್ದ ಕಾಕಾನ ಕಡೆ ತಿರುಗಿದಳು.

ರುತುಜಾಳಿಗೆ ಮೈಯೆಲ್ಲ ಉರಿದುಹೋಯಿತು. ಬೆಳೆದವರು ಯಾರೋ, ಉಂಡವರು ಯಾರೋ! ಅಳು ಬರುವಷ್ಟು ಸಿಟ್ಟು ಬಂತು. ಅಲ್ಲ ಆಯಿ ಎಂದು ಶುರು ಮಾಡಿಯೂ ಬಿಟ್ಟಳು.

ಆಯಿ ಆ ಚಪ್ಪಲಿಗಳನ್ನು ಸೆರಗಿನಿಂದ ಒರೆಸುತ್ತಿದ್ದಳು. "ಗಾಡಿ ಇಳದ ಮ್ಯಾಲೆ ಮಾರ್ಕೆಟ್ಟಿನಾಗ ಹಾಕ್ಕೊಂಡು ತಿರುಗ್ಯಾಡು. ಅಲ್ಲೆ ನಾಕ ಮಂದಿ ನೋಡ್ತಾರ," ಎನ್ನುತ್ತಿದ್ದಳು. ಮುಖದ ತುಂಬ ನಗು. ಅವಳು ತಿರುಗಿ, ಏನು ಹೇಳುತ್ತಿದ್ದೆ ಎಂದು ಕೇಳಿದಳು.

ರುತುಜಾ ಅಪ್ಪನನ್ನು ನೋಡಿದಳು. ಅಪ್ಪ ಅವಳನ್ನೇ ನೋಡುತ್ತಿದ್ದ.

"ಏನಿಲ್ಲ ಆಯಿ," ಎಂದಳು. "ನೀ ಭಾಳ ಶಾಣ್ಯಾಕಿ ಅಂತ ಹೇಳಾಕತ್ತಿದ್ದೆ."

ಮಂಗಳವಾರ ಗಾಡಿ ನೋಡಲು ತಾನಾಜಿ ಮಿಸ್ತ್ರಿಯೇ ಬಂದ. ಆಯಿ ಗಾಡಿಯ ಬಾಗಿಲಿಗೆ ಅಡ್ಡ ನಿಂತಳು. ತಾನಾಜಿ ರಬ್ಬರ್ ಚಪ್ಪಲಿ ಕಳಚಿದ. ಹಾಲಸಿದ್ದ ಕಾಕಾ ಗೊಣಗುತ್ತಲೇ ತನ್ನ ಬೂಟು ಬಿಚ್ಚಿದ, ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ರುತುಜಾ ತನ್ನ ಶಾಲೆಯ ಬೂಟುಗಳನ್ನು ಅಪ್ಪನ ದೊಡ್ಡ ಚಪ್ಪಲಿಗಳ ಪಕ್ಕದಲ್ಲಿ ಜೋಡಿಸಿಟ್ಟಳು.

"ಅವ್ವಾ, ಇವತ್ತ ಮುಂದಿನ ಸೀಟು ರುತುಜಾಗ," ಎಂದ ಅಪ್ಪ.

"ಯಾಕ?"

"ಹಂಗಽ."

ರುತುಜಾ ಮುಂದೆ ಹತ್ತಿ ಕೂತಳು. ಊರಾಚೆಯ ಏರಿನಲ್ಲಿ ಗಾಡಿ ಸದ್ದಿಲ್ಲದೆ ಒಂದೊಂದೇ ಗೇರ್ ಹಾಕಿಕೊಂಡಿತು. ಹಿಂದೆ ಕೂತ ಆಯಿ ಅದಕ್ಕೆ ಶಾಬಾಸ್ ಎಂದಳು. ಅಪ್ಪ ಮುಂದೆ ನೋಡುತ್ತಲೇ ಎಡಗೈಯಿಂದ ರುತುಜಾಳ ಜಡೆಯನ್ನು ಮೆಲ್ಲಗೆ ಎಳೆದ.