ಸೀರೆಯಂಚಿನ ಕೇಸರಿ ಕಲೆ

ನಿಶ್ಚಿತಾರ್ಥದ ಸೀರೆಯನ್ನು ಕಸ್ತೂರಿ ವಾಪಸು ಕಳಿಸಿದ ನಾಲ್ಕನೇ ದಿನ, ವಿಶ್ವರಾಧ್ಯ ಅದೇ ಸೀರೆ ಹಿಡಿದು ದೋರನಹಳ್ಳಿಯ ಅವಳ ಮನೆಮುಂದೆ ಬಂದು ನಿಂತ.

ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದವಳಿಗೆ ಎದ್ದು ಒಳಗೆ ಹೋಗುವಷ್ಟೂ ತ್ರಾಣವಿರಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಬೈಯಲು ಬಂದಿದ್ದಾನೆ... ಬೈದು ಹೋಗಲಿ.

"ಮದುವಿ ಬ್ಯಾಡ ಅಂದಿ, ಕಾರಣ ಹೇಳಲಿಲ್ಲ. ನಿನ್ನ ಮನಸ್ಸಿನಾಗ ಬ್ಯಾರೆ ಯಾರರ ಅದಾರೇನೋ ಅಂತ ಮೂರು ದಿನ ನಿದ್ದಿ ಇಲ್ಲ ನನಗ."

"ಹಂಗ ತಿಳ್ಕೋರಿ. ನಿಮಗ ಒಳ್ಳೇದು."

ಅವನು ಸೀರೆಯ ಮಡಿಕೆ ಬಿಚ್ಚಿದ. ಕೆನೆ ಬಣ್ಣದ ಅಂಚಿನಲ್ಲಿ ನಾಲ್ಕೈದು ಕೇಸರಿ ಕಲೆಗಳು.

"ಅವ್ವ ಅರಿಶಿಣ ಅಂದ್ಲು. ಅರಿಶಿಣ ಆಗಿದ್ರ ಸೋಪು ಹಚ್ಚಿದಾಗ ಕೆಂಪಾಗ್ತಿತ್ತು. ಆಗಲಿಲ್ಲ. ಶಹಾಪುರದಾಗ ಮೆಡಿಕಲ್ ಅಂಗಡಿ ಇಟ್ಟೀನಿ ಕಸ್ತೂರಿ, ಈ ಬಣ್ಣ ನನಗ ಗೊತ್ತು. ಟಿಬಿ ಗುಳಿಗಿದು. ಶುರು ಮಾಡಿ ಎಷ್ಟು ದಿನ ಆತು?"

ಸೀರೆ ಮಡಚುವಾಗ ಅತ್ತಿದ್ದು ಅಲ್ಲೇ ಉಳಿದುಬಿಟ್ಟಿದೆಯಲ್ಲ... ಅಪ್ಪ ಅಷ್ಟು ಜೋಪಾನ ಮಾಡಿದ್ದ ಗುಟ್ಟನ್ನು ಅವಳ ಕಣ್ಣೀರೇ ಹೇಳಿಬಿಟ್ಟಿತ್ತು.

"ಹದಿನೈದು ದಿನ," ಎಂದಳು. "ಮೈಯೆಲ್ಲ ವಿಷ ಆಗ್ಯಾದ್ರಿ. ಉಚ್ಚಿನೂ ಕೆಂಪು, ಬೆವರೂ ಕೆಂಪು, ಕಣ್ಣೀರೂ ಕೆಂಪು. ಇಂಥಾಕಿನ್ನ ಕಟ್ಕೊಂಡು ಏನ್ಮಾಡ್ತೀರಿ?"

"ವಿಷ ಅಲ್ಲ ಅದು. ಗುಳಿಗಿ ತನ್ನ ಕೆಲಸ ಮಾಡ್ತದ. ಆಮ್ಯಾಲ ಲಿವರ್ ಅದರ ರೂಪ ಬದಲ ಮಾಡಿ ಹೊರಗ ಕಳಸ್ತದ. ಹೋಗೋ ದಾರ್ಯಾಗೆಲ್ಲ ಬಣ್ಣ ಬಿಟ್ಟು ಹೋಗ್ತದ, ಅಷ್ಟ. ಗುಳಿಗಿ ಮುಗಿದ ಎರಡು ಮೂರು ದಿನಕ್ಕ ಬಣ್ಣನೂ ಹೋಗ್ತದ."

"ಆರು ತಿಂಗಳಂತ್ರಿ..."

"ಕಾಯ್ತೀನಿ."

ಆರು ತಿಂಗಳು ಕಾಯುವುದೆಂದರೆ ಬಾಯಿಮಾತೇ? ವಾಕರಿಕೆ, ಕೀಲುನೋವು, ರೊಟ್ಟಿ ಕಂಡರೆ ಬೇಸರ. ದಿನಾ ಬೆಳಗ್ಗೆ ಅವನ ಫೋನು, "ತಗೊಂಡಿ?" ದಿನಾ ಅವಳದು ಅದೇ ದಣಿದ "ಹೂಂ."

"ಸಾಕಾಗ್ಯಾದ್ರಿ ನನಗ," ಎಂದಳು ಒಮ್ಮೆ.

"ನನಗೂ ಸಾಕಾಗ್ಯಾದ. ನಾಳಿ ಮತ್ತ ಫೋನ್ ಮಾಡ್ತೀನಿ."

ಅವತ್ತು ಬಹಳ ದಿನಗಳ ಮೇಲೆ ಅವಳಿಗೆ ನಗು ಬಂತು.

ಕೊನೆಯ ಗುಳಿಗೆ ನುಂಗಿದ ನಾಲ್ಕನೇ ದಿನ ಅವನು ಆ ಸೀರೆಯನ್ನು ತಂದು ಅವಳ ಮಡಿಲಲ್ಲಿಟ್ಟ. ಕಸ್ತೂರಿ ಬಿಕ್ಕಿ ಬಿಕ್ಕಿ ಅತ್ತಳು.

"ರೋಗ ಹೋತಂತ ಡಾಕ್ಟರ್ ಹೇಳ್ಯಾರ. ಈಗ್ಯಾಕ ಅಳಾಕತ್ತಿ?"

ಅವಳು ಹಳೆಯ ಕಲೆಗಳ ಪಕ್ಕದಲ್ಲೇ ಸೀರೆಯಂಚಿಗೆ ಕಣ್ಣೊರೆಸಿ, ಒದ್ದೆಯಾದ ಜಾಗವನ್ನು ಅವನೆದುರು ಬಿಸಿಲಿಗೆ ಹಿಡಿದಳು. ಕೆನೆ ಬಣ್ಣ ಕೆನೆ ಬಣ್ಣವಾಗಿಯೇ ಇತ್ತು.

"ನೋಡಾಕ್ರಿ," ಎಂದಳು. "ಬಣ್ಣ ಹೋತೋ ಇಲ್ಲೋ ಅಂತ."