ಸಂಜೆ ಏಳರ ಮುಖ

"ನೀನು ಬೆಳಿಗ್ಗೆ ಮಾತ್ರ ಸಿಗುವುದು ಎಂತ? ಹಾಲಿನ ಪ್ಯಾಕೆಟಾ?"

ಗಲ್ಲಾದ ಹಿಂದೆ ಕುಳಿತ ಚೆನ್ನಯ ಚಿಲ್ಲರೆ ಜೋಡಿಸುತ್ತಲೇ ಕೇಳಿದ. ತಲೆ ಎತ್ತಲಿಲ್ಲ. ತುಟಿಯ ಒಂದು ಮೂಲೆ ಮಾತ್ರ ನಗಲು ಕಾದು ನಿಂತಿತ್ತು.

ದಾನೇಶ್ವರಿ ಚಹಾದ ಗ್ಲಾಸಿನ ಮೇಲಿಂದ ಅವನನ್ನು ದಿಟ್ಟಿಸಿದಳು. "ಹೌದ. ಸಂಜೀ ತನಕ ಇಟ್ರ ಒಡೀತೀನಿ."

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನ ಮೆಟ್ಟಿಲು ಇಳಿದು ಎಡಕ್ಕೆ ತಿರುಗಿದರೆ ನಾಲ್ಕನೆಯದು ಚೆನ್ನಯನ ಸೋದರಮಾವನ ಹೋಟೆಲು. ದಾನೇಶ್ವರಿಯ ಬಾಡಿಗೆ ಕೋಣೆ ಇದ್ದದ್ದು ಮುಂದಿನ ಸ್ಟೇಷನ್ ಠಾಕುರ್ಲಿಯಲ್ಲಿ. ಅಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಅದಕ್ಕೇ ಡೊಂಬಿವಲಿಗೆ ಬಂದು ಕೆಲಸದ ಊರು ಠಾಣೆಗೆ ಗಾಡಿ ಹಿಡಿಯುವುದು ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಗಾಡಿ ಏಳು ಐವತ್ತೆರಡಕ್ಕೆ. ಅವಳು ಏಳು ಇಪ್ಪತ್ತಕ್ಕೇ ಬಂದು ಗಲ್ಲಾದ ಪಕ್ಕ ನಿಂತಿರುತ್ತಿದ್ದಳು. ಅದರ ಕಾರಣ ಯಾರಿಗೂ ಹೇಳಿರಲಿಲ್ಲ.

ಅವನು ಕುರ್ಚಿಯಿಂದ ಏಳುವಂತಿಲ್ಲ. ಗಲ್ಲಾದಲ್ಲಿ ಕುಳಿತವನು ಬದಲಿಗೆ ಇನ್ನೊಬ್ಬ ಬರುವವರೆಗೆ ಎದ್ದರೆ ಅಂಗಡಿ ಮುಳುಗುತ್ತದೆಂದು ಮಾವ ನಂಬಿದ್ದರು. ಹಾಗಾಗಿ ಎಂಟು ತಿಂಗಳ ಅವರ ಪ್ರೀತಿಯೆಲ್ಲ ಒಂದು ಮರದ ಡ್ರಾಯರಿನ ಆಚೆ ಈಚೆ ನಡೆದಿತ್ತು.

ನಡುವೆ ಒಬ್ಬ ಗಿರಾಕಿ ನುಗ್ಗಿದ. ಇಡ್ಲಿ, ವಡೆ, ಚಹಾದ ಕಾಂಬೋ ಪಾರ್ಸಲ್ ಬೇಕು ಅವನಿಗೆ. ಕಾಂಬೋ ಪಾರ್ಸಲ್‌ಗೆ ಇಲ್ಲ ಎಂದು ಬೋರ್ಡಿನಲ್ಲೇ ಬರೆದಿತ್ತು. ಅವನು ಮರಾಠಿಯಲ್ಲಿ ಕೂಗಾಡತೊಡಗಿದ. ಚೆನ್ನಯ ಅಷ್ಟೇ ಶಾಂತವಾಗಿ ಇಡ್ಲಿ ಬೇರೆ, ವಡೆ ಬೇರೆ, ಚಹಾ ಬೇರೆ ಬರೆದು, ದಿನದ ಗಿರಾಕಿಗೆ ಕೊಡುವ ರಿಯಾಯಿತಿ ಕಳೆದು, ಚೀಟಿ ಮುಂದಿಟ್ಟ. ಕಾಂಬೋಗಿಂತ ಎರಡು ರೂಪಾಯಿ ಕಡಿಮೆಯೇ ಆಗಿತ್ತು. ಗಿರಾಕಿ ಬೈಗುಳವನ್ನು ಅರ್ಧಕ್ಕೇ ನುಂಗಿ ಹೋದ.

"ಬೋರ್ಡ್ ಬರೆದದ್ದು ಮಾವ. ಬಿಲ್ ಬರೆಯುವುದು ನಾನು," ಎಂದು ಚೆನ್ನಯ ಅವಳಿಗೆ ಕಣ್ಣು ಮಿಟುಕಿಸಿದ. ಆಮೇಲೆ ದನಿ ತಗ್ಗಿಸಿದ. "ಈ ಆದಿತ್ಯವಾರ ಸಂಜೆ ನಮ್ಮ ಯಕ್ಷಗಾನದ ಆಟ ಉಂಟು. ನನ್ನದೇ ಮುಖ್ಯ ಸ್ತ್ರೀವೇಷ. ಬರ್ತೀಯಲ್ಲಾ?"

"ಆಗಂಗಿಲ್ಲ."

"ಹೋದ ತಿಂಗಳೂ ಆಗ್ಲಿಲ್ಲ. ಸಿನೆಮಾಕ್ಕೂ ಆಗ್ಲಿಲ್ಲ. ನಾನು ಸೀರೆ ಉಟ್ಟು ಕುಣಿಯುವುದು ನೋಡ್ಲಿಕ್ಕೆ ನಾಚಿಕೆಯಾ? ಅಲ್ಲ, ಸಂಜೆಗೆ ಬೇರೆ ಯಾರಾದ್ರೂ ಉಂಟಾ?"

ಅವಳು ಗ್ಲಾಸನ್ನು ಠಕ್ಕನೆ ಕೆಳಗಿಟ್ಟಳು.

ಹುಟ್ಟಿದಾಗ ಮನೆಯವರು ಅವಳಿಗಿಟ್ಟದ್ದು ಗಂಡುಹೆಸರು. ದಾನೇಶ್ವರಿ ಎಂಬುದು ವಿಜಯಪುರದ ಅಜ್ಜಿಯ ಹೆಸರು, ಅವಳೇ ಆರಿಸಿಕೊಂಡದ್ದು. ಈಗ ಆಧಾರ್ ಕಾರ್ಡಿನಲ್ಲೂ ಅದೇ. ಮೂರು ವರ್ಷದ ಹಾರ್ಮೋನ್ ಮಾತ್ರೆಗಳು ಮೈಯನ್ನು ಮೆಲ್ಲಗೆ ಒಪ್ಪಿಸಿದ್ದವು. ಗಡ್ಡ ಮಾತ್ರ ಯಾರ ಮಾತನ್ನೂ ಕೇಳಿರಲಿಲ್ಲ. ಇದನ್ನೆಲ್ಲ ಚೆನ್ನಯನಿಗೆ ಎರಡನೆಯ ತಿಂಗಳಲ್ಲೇ ಹೇಳಿದ್ದಳು. ಅವನು ಎಣಿಸುತ್ತಿದ್ದ ಚಿಲ್ಲರೆಯನ್ನು ಬದಿಗಿಟ್ಟು, "ಚಹಾಕ್ಕೆ ಸಕ್ಕರೆ ಸಾಕಾ?" ಎಂದು ಕೇಳಿದ್ದ. ಅವಳ ಪ್ರೀತಿ ಗಟ್ಟಿಯಾದದ್ದು ಆ ಪ್ರಶ್ನೆಯಿಂದ.

ಈಗ ಅವಳು ಒಂದೇ ಉಸಿರಿಗೆ ಹೇಳಿದಳು. "ಲೇಸರ್ ಮಾಡಸ್ಬೇಕಂದ್ರ ಕೂದಲದ ಬೇರು ಒಳಗ ಇರಬೇಕಂತ, ಸುಡಾಕ. ನಾಕ ವಾರ ಪಾರ್ಲರಿನ ದಾರ ಇಲ್ಲ, ವ್ಯಾಕ್ಸ್ ಇಲ್ಲ, ಬರೇ ರೇಜರ್. ಮುಂಜಾನೆ ಆರಕ್ಕ ಕೆರಕೊಂಡ್ರ ಸಂಜಿ ಏಳಕ್ಕ ಗದ್ದ ಎಲ್ಲಾ ಹಸರ. ಲ್ಯಾಬಿನ್ಯಾಗ ಮಾಸ್ಕ್ ಹಾಕ್ಕೊಂಡು ರಕ್ತದ ಬಾಟ್ಲಿಗೆ ಹೆಸರು ಅಂಟಸ್ತೀನಿ, ಯಾರೂ ಕೇಳೂದಿಲ್ಲ. ಆದ್ರ ಏಳರ ಮುಖ ನಿನಗ ತೋರಸಂಗಿಲ್ಲ. ತಿಳೀತ?"

ಚೆನ್ನಯನ ಮುಖ ಅರಳಿತು. "ಓ, ಅಷ್ಟೇನಾ?"

ಆ 'ಅಷ್ಟೇನಾ' ಠಾಣೆಯವರೆಗೂ ಲೇಡೀಸ್ ಡಬ್ಬಿಯಲ್ಲಿ ಅವಳ ಜೊತೆ ನಿಂತೇ ಬಂತು.

ಮರುದಿನ ಅವಳು ಬಂದಾಗ ಗಲ್ಲಾದ ಮೇಲೆ ಒಂದು ಸಣ್ಣ ತಗಡಿನ ಡಬ್ಬಿ ಕಾದಿತ್ತು. ಚೆನ್ನಯ ಅದನ್ನು ಹಬ್ಬದ ಉಡುಗೊರೆಯಂತೆ ಎರಡೂ ಕೈಯಲ್ಲಿ ಮುಂದೆ ತಳ್ಳಿದ. ಒಳಗೆ ಬಣ್ಣ, ಪೌಡರು, ಒಂದು ಸ್ಪಂಜು.

"ನಾವು ವೇಷ ಕಟ್ಟುವ ಚೌಕಿಯ ಗುಟ್ಟು ಇದು," ಎಂದ. "ಮೊದಲು ಕೆಂಪು ತೆಳ್ಳಗೆ ಹಚ್ಚಬೇಕು, ಹಸಿರು ಸಾಯ್ತದೆ. ಅದರ ಮೇಲೆ ಮೈಬಣ್ಣ. ನನ್ನಂಥ ದಪ್ಪ ಗಡ್ಡದವನೇ ರಂಗಸ್ಥಳದಲ್ಲಿ ರಾಣಿ ಆಗ್ತೇನೆ, ನಿನ್ನದು ಎಂತ ಲೆಕ್ಕ! ಲೇಸರಿಗೆ ಅಷ್ಟು ದುಡ್ಡು ಸುರಿಯುವುದೂ ಬೇಡ. ಬೆಳಗಿನ ಜಾವದವರೆಗೆ ನಿಲ್ತದೆ, ಮಾರಾಯ್ತಿ."

ದಾನೇಶ್ವರಿ ಡಬ್ಬಿಯನ್ನು ನೋಡುತ್ತ ನಿಂತಳು. ಅವನ ಕಣ್ಣಲ್ಲಿ ಎಳ್ಳಷ್ಟೂ ಕುಹಕ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ಕುಹಕವಾಗಿದ್ದರೆ ಬೈದು ಹೋಗಬಹುದಿತ್ತು.

"ಚೆನ್ನಯ, ಆಟ ಮುಗದ ಮ್ಯಾಲ ನೀ ಏನ ಮಾಡ್ತಿ?"

"ಎಣ್ಣೆ ಹಾಕಿ ಬಣ್ಣ ತೆಗೀತೇನೆ."

"ನಾ ಯಾವಾಗ ತಗೀಬೇಕು?"

ಅವನು ಡಬ್ಬಿಯ ಮುಚ್ಚಳ ಮುಚ್ಚಿದ.

"ನಂದು ವೇಷ ಅಲ್ಲೋ," ಎಂದಳು. ದನಿ ಏರಲಿಲ್ಲ, ಏರಿದ್ದರೆ ಒಡೆಯುತ್ತಿತ್ತು. ಚಹಾ ಅರ್ಧಕ್ಕೇ ಬಿಟ್ಟು ಮೆಟ್ಟಿಲು ಹತ್ತಿದಳು. ಗಲ್ಲಾ ಬಿಟ್ಟು ಏಳಲಾಗದ ಅವನು ಅವಳ ಹೆಸರು ಹಿಡಿದು ಎರಡು ಸಲ ಕೂಗಿದ್ದು ಕೇಳಿಸಿತು.

ಮಧ್ಯಾಹ್ನ ಮೆಸೇಜು ಬಂತು. 'ತಪ್ಪಾಯ್ತು. ಲೇಸರಿನ ದುಡ್ಡು ನಾನು ಕೊಡ್ತೇನೆ. ಪೂರ್ತಿ.'

ಅವಳಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಒಂದು ತಪ್ಪಿನಿಂದ ಎದ್ದು ಇನ್ನೊಂದಕ್ಕೆ ಬೀಳುವುದರಲ್ಲಿ ಈ ಮನುಷ್ಯನಿಗೆ ಸಮಾನರಿಲ್ಲ. ಬರೆದಳು: 'ನಿನ್ನ ರೊಕ್ಕದಾಗ ತಗಸಿದ್ರ ನಿನ್ನ ಸಲುವಾಗಿ ತಗಸಿದಂಗ ಆಗ್ತದ. ನನಗ ನನ್ನ ಸಲುವಾಗಿ ತಗಸೂದೈತಿ.' ಬರೆಯುತ್ತಿದ್ದಾನೆ ಎಂಬ ಗುರುತು ಮಾತ್ರ ಮೂಡಿತು, ಅಳಿಯಿತು, ಮತ್ತೆ ಮೂಡಿತು, ಕೊನೆಗೆ ಇಲ್ಲವಾಯಿತು.

ರಾತ್ರಿ ಕೋಪರಖೈರಣೆಯಿಂದ ಅವ್ವ ಚಂದ್ರಬಾಯಿಯ ಫೋನು. "ಆ ಲೇಸರಿನ ರೊಕ್ಕದಾಗ ಕಿವಿಗೆ ಏನರೆ ಮಾಡಸ್ಕೋಬಾರದೇನ? ಮಂದಿ ಹೆಣ್ಮಕ್ಕಳು ಬಂಗಾರ ಅಂತಾರ, ನೀ ಗಡ್ಡ ಅಂತಿ." ಬೈಗುಳವೇ ಅದು. ಆದರೆ ಅದರಲ್ಲಿ 'ಹೆಣ್ಮಕ್ಕಳು' ಎಂಬ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಫೋನಿಟ್ಟ ಮೇಲೆ ಅವಳು ಕತ್ತಲಲ್ಲಿ ಅದನ್ನೇ ಇನ್ನೊಮ್ಮೆ ಹೇಳಿ ನೋಡಿದಳು.

ಗುರುವಾರ, ಶುಕ್ರವಾರ ಅವಳು ಠಾಕುರ್ಲಿಯಿಂದಲೇ ಸ್ಲೋ ಗಾಡಿ ಹಿಡಿದಳು. ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿ. ಡೊಂಬಿವಲಿಯಲ್ಲೂ ನಿಂತಿತು. ಅವಳು ಇಳಿಯಲಿಲ್ಲ.

ಶನಿವಾರ ನಾಲ್ಕಕ್ಕೆ ಠಾಣೆಯ ಕ್ಲಿನಿಕ್ಕು. ಮಾರ್ಚ್ ತಿಂಗಳ ಮಹಿಳಾ ದಿನದ ಆಫರಿಗೆ ಅಂದೇ ಕೊನೆಯ ದಿನ: ಹೆಂಗಸರಿಗೆ ಎಂಟು ಸಿಟ್ಟಿಂಗಿನ ಮುಖದ ಲೇಸರ್ ಅರ್ಧ ಬೆಲೆಗೆ. ಬ್ಯಾಂಕಿನಲ್ಲಿ ಇಪ್ಪತ್ತಮೂರು ಸಾವಿರ ಚಿಲ್ಲರೆ ಇತ್ತು, ಹದಿನಾಲ್ಕು ತಿಂಗಳು ಕೂಡಿಸಿದ್ದು. ಈ ಆಫರ್ ತಪ್ಪಿದರೆ ಇನ್ನೊಂದು ವರ್ಷ ಆರು ಗಂಟೆಯ ರೇಜರ್, ಮಾಸ್ಕಿನ ಬೆವರು, ಇಲ್ಲದ ಸಂಜೆಗಳು.

ರಿಸೆಪ್ಶನ್ನಿನ ಹುಡುಗಿಯ ಎದೆಯ ಮೇಲೆ 'ಅಶ್ಮಿತಾ' ಎಂಬ ಹೆಸರಿನ ಬಿಲ್ಲೆ. ಅವಳು ಕಂಪ್ಯೂಟರು ನೋಡಿ, ಮುಖ ನೋಡಿ, ಮತ್ತೆ ಕಂಪ್ಯೂಟರು ನೋಡಿದಳು. "ಮ್ಯಾಡಮ್, ಆಪ್ ಕಾ ತೋ ಬಿಯರ್ಡ್ ಏರಿಯಾ ಹೈ. ವೋ ಜೆಂಟ್ಸ್ ಪ್ಯಾಕೇಜ್ ಮೇ ಆತಾ ಹೈ. ಫಾರ್ಟಿ ಎಯ್ಟ್ ಥೌಸಂಡ್. ಆಫರ್ ಲೇಡೀಸ್ ಕಾ ಹೈ."

"ಆಧಾರ್ ನೋಡಿದಿರಲ್ಲ. ಏನಂತ ಬರೆದಿದೆ?" ದಾನೇಶ್ವರಿ ಹಿಂದಿಯಲ್ಲಿ ಕೇಳಿದಳು.

"ಫೀಮೇಲ್. ಲೇಕಿನ್ ಸಿಸ್ಟಮ್ ಫುಲ್ ಫೇಸ್ ನಹೀ ಲೇ ರಹಾ, ಮ್ಯಾಡಮ್."

ಸರಕಾರ ಒಪ್ಪಿದೆ. ಬೈಯುತ್ತಲೇ ಅವ್ವ ಒಪ್ಪಿದ್ದಾಳೆ. ಈಗ ಸಿಸ್ಟಮ್ ಒಪ್ಪಬೇಕಂತೆ. "ನಿಮ್ಮ ಸಿಸ್ಟಮ್ಮಿಗೆ ಬೆಂಕಿ ಬೀಳ್ಲಿ," ಎಂದು ಅವಳು ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದಳು.

ಹುಡುಗಿ ತುಟಿ ಕಚ್ಚಿ ನಗು ತಡೆದಳು. "ದೀದಿ, ಕನ್ನಡ ಸಮಜ್ತಾ ಹೈ ಮೇರೆಕೋ. ಅಮ್ಮ ಉಡುಪಿಯವರು."

ದಾನೇಶ್ವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎಲ್ಲಾದರೂ ಇಡಬೇಕಲ್ಲ ಎಂದು ಗೋಡೆಯ ದರಪಟ್ಟಿಯ ಮೇಲಿಟ್ಟಳು. ಗುಲಾಬಿ ಬಣ್ಣದ ಕಾಗದದ ಮೇಲೆ ಹೆಂಗಸಿನ ಮುಖದ ಚಿತ್ರ. ಸುತ್ತ ಬಾಣಗಳು. ಮೇಲ್ದುಟಿ, ಗದ್ದ, ದವಡೆ, ಕೆನ್ನೆಯ ಪಕ್ಕ, ಕುತ್ತಿಗೆ. ಒಂದೊಂದಕ್ಕೂ ಬೇರೆ ದರ. ಅಡಿಯಲ್ಲಿ ಸಣ್ಣದಾಗಿ: ಬಿಡಿ ಭಾಗಗಳಿಗೂ ಆಫರ್ ಅನ್ವಯ.

ಇಡ್ಲಿ ಬೇರೆ, ವಡೆ ಬೇರೆ, ಚಹಾ ಬೇರೆ.

ಛೇ. ಇಲ್ಲಿಯೂ ಅವನೇ ಬರಬೇಕೆ?

"ಅಶ್ಮಿತಾ, ಕಾಂಬೋ ಬ್ಯಾಡ," ಎಂದಳು, ಈಗ ನೇರ ಕನ್ನಡದಲ್ಲೇ. "ಬಿಡಿ ಬಿಡಿ ಬರಿ. ಲೇಡೀಸ್ ಮೇಲ್ದುಟಿ ಒಂದು. ಲೇಡೀಸ್ ಗದ್ದ ಒಂದು. ಲೇಡೀಸ್ ದವಡಿ. ಲೇಡೀಸ್ ಕೆನ್ನಿ. ಲೇಡೀಸ್ ಕುತಗಿ. ಎಂಟೆಂಟು ಸಿಟ್ಟಿಂಗ್."

ಹುಡುಗಿ ಒಂದು ಕ್ಷಣ ಅವಳನ್ನೇ ನೋಡಿದಳು. ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಸಿಸ್ಟಮ್ ಐದನ್ನೂ ಒಂದೊಂದಾಗಿ, ಯಾವ ಪ್ರಶ್ನೆಯೂ ಇಲ್ಲದೆ, ನುಂಗಿತು. ಇಪ್ಪತ್ತೆರಡು ಸಾವಿರದ ನಾಲ್ಕು ನೂರು.

"ಹೋ ಗಯಾ, ದೀದಿ," ಎಂದಳು ಪಿಸುದನಿಯಲ್ಲಿ. "ಡಾಕ್ಟರ್ ಕೇಳಿದರೆ ನಾನು ದರಪಟ್ಟಿ ತೋರಿಸುತ್ತೇನೆ."

ಡಾಕ್ಟರ್ ಕೇಳಲಿಲ್ಲ. ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿ ಮಲಗಿದಾಗ, ಬಿಸಿ ರಬ್ಬರ್ ಬ್ಯಾಂಡಿನಿಂದ ಸಾವಿರ ಸಲ ಹೊಡೆದ ಹಾಗೆ ಉರಿಯಿತು. ಕೂದಲು ಸುಟ್ಟ ವಾಸನೆ ಮೂಗಿಗೆ ಬಂತು. ಮೇಲ್ದುಟಿಗೆ ಬಂದಾಗ ಕಣ್ಣೀರು ತಾನೇ ಇಳಿಯಿತು. ದುಃಖದ್ದಲ್ಲ. ಆದರೂ ಅದನ್ನು ಪೂರ್ತಿ ನೋವಿನದು ಎಂದು ಹೇಳಲೂ ಅವಳಿಗೆ ಮನಸ್ಸಾಗಲಿಲ್ಲ.

ಏಳುವಾಗ ಡಾಕ್ಟರ್ ಹೇಳಿದರು: "ಇವತ್ತು ಮುಖಕ್ಕೆ ಏನೂ ಹಚ್ಚಬೇಡಿ. ಮಾಸ್ಕ್ ಕೂಡ ಬೇಡ, ಉಜ್ಜುತ್ತದೆ. ಸುಟ್ಟ ಕೂದಲು ಉದುರಲು ಹತ್ತು ಹದಿನೈದು ದಿನ ಬೇಕು. ಅಲ್ಲಿಯವರೆಗೆ ಇನ್ನೂ ಹೆಚ್ಚು ಬೆಳೆದ ಹಾಗೆ ಕಾಣಬಹುದು."

ಇನ್ನೂ ಹೆಚ್ಚು! ಇಪ್ಪತ್ತೆರಡು ಸಾವಿರ ಕೊಟ್ಟು ಇನ್ನೂ ಹೆಚ್ಚು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಠಾಣೆಯಿಂದ ಸಂಜೆಯ ಗಾಡಿ. ಮುಖ ಬತ್ತಲೆ, ಕೆಂಪು, ಊದಿದ್ದು, ನಡುನಡುವೆ ಕಪ್ಪು ಚುಕ್ಕೆ. ಲೇಡೀಸ್ ಡಬ್ಬಿಯಲ್ಲಿ ನಾಲ್ಕು ಜನ ನೋಡಿದರು. ಒಬ್ಬಳು ಪಕ್ಕಕ್ಕೆ ಸರಿದಳು, ದೂರ ಹೋಗಲೋ ಇವಳನ್ನು ಕೂರಿಸಲೋ ತಿಳಿಯಲಿಲ್ಲ; ದಾನೇಶ್ವರಿ ಕುಳಿತೇಬಿಟ್ಟಳು. ದಿವಾ ದಾಟಿತು. ಡೊಂಬಿವಲಿ ಬಂತು. ಇವತ್ತೂ ಇಳಿಯುವುದಿಲ್ಲ ಎಂದುಕೊಂಡಳು. ಗಾಡಿ ಹೊರಟಾಗ ಅವಳು ಪ್ಲಾಟ್‌ಫಾರ್ಮಿನ ಮೇಲಿದ್ದಳು.

ಗೋಡೆ ಗಡಿಯಾರದಲ್ಲಿ ಏಳಾಗಿ ಐದು ನಿಮಿಷ. ಹೋಟೆಲು ತುಂಬಿತ್ತು. ಗಲ್ಲಾದ ಮುಂದೆ ಬಿಲ್ಲು ಹಿಡಿದವರ ಸಾಲು. ಅವಳು ಸಾಲಿನಲ್ಲೇ ನಿಂತಳು. ಟ್ಯೂಬ್‌ಲೈಟಿನ ನೇರ ಬೆಳಕು, ಯಾವ ದಾಕ್ಷಿಣ್ಯವೂ ಇಲ್ಲದ್ದು. ಮುಂದಿದ್ದವನು ಸರಿದಾಗ ಚೆನ್ನಯ ಬಿಲ್ಲಿಗೆಂದು ಕೈ ಚಾಚಿ, ತಲೆ ಎತ್ತಿದ.

"ನೋಡ," ಎಂದಳು. "ಏಳರ ಮುಖ. ನೋಡೂದಿದ್ರ ಈಗ ನೋಡ."

ಅವನು ನೋಡಿದ. ಕಣ್ಣು ಗದ್ದಕ್ಕೆ ಹೋಗಿ ಹೆದರಿ ಓಡಿಬರಲಿಲ್ಲ. ಗದ್ದವನ್ನೂ, ಕೆನ್ನೆಯನ್ನೂ, ಊದಿದ ಮೇಲ್ದುಟಿಯನ್ನೂ ಊರಿಗೆ ಮರಳಿದವನು ಓಣಿ ನೋಡುವ ಹಾಗೆ ನಿಧಾನವಾಗಿ ನೋಡಿ ಅವಳ ಕಣ್ಣಿಗೆ ಬಂದು ನಿಂತಿತು. ಹಿಂದೆ ಯಾರೋ "ಜಲ್ದಿ ಕರೋ" ಎಂದರು.

"ಉರಿ ಉಂಟಾ?" ಎಂದು ಕೇಳಿದ.

ಮೂರು ದಿನ ಅವಳು ಅವನಿಂದ ಎಷ್ಟೋ ಮಾತು ನಿರೀಕ್ಷಿಸಿ, ಒಂದೊಂದಕ್ಕೂ ಖಾರವಾದ ಉತ್ತರ ಸಿದ್ಧ ಮಾಡಿಟ್ಟಿದ್ದಳು. ಇದಕ್ಕೆ ಮಾತ್ರ ಇಟ್ಟಿರಲಿಲ್ಲ. ಹೌದೆಂದು ತಲೆಯಾಡಿಸಿದಳು.

ಚೆನ್ನಯ ಡ್ರಾಯರು ಮುಚ್ಚಿ, ಬೀಗದ ಕೈ ಜೇಬಿಗೆ ಹಾಕಿ, ಎದ್ದ.

ಎಂಟು ತಿಂಗಳಲ್ಲಿ ಅವನು ನಿಂತಿದ್ದನ್ನು ಅವಳು ನೋಡಿದ್ದು ಇದೇ ಮೊದಲು. ತನಗಿಂತ ಎರಡು ಬೆರಳು ಕುಳ್ಳ ಎಂದು ಗೊತ್ತಾಯಿತು. ಅವನು ಜ್ಯೂಸ್ ಕೌಂಟರಿಗೆ ಹೋಗಿ ಒಗೆದ ಬಿಳಿ ಬಟ್ಟೆಯಲ್ಲಿ ಐಸ್ ಸುತ್ತಿ ತಂದು, ಅವಳ ಕೈಗೆ ಕೊಟ್ಟು, ಹೊರಗಿನ ಕಲ್ಲುಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತ.

"ಆ ಡಬ್ಬಿ," ಎಂದು ನೆಲ ನೋಡುತ್ತ ಶುರುಮಾಡಿದ. "ನಾನು ಬಣ್ಣ ಹಚ್ಚಿದ್ರೆ ಹೆಂಗಸು, ತೆಗೆದ್ರೆ ಚೆನ್ನಯ. ನಿನಗೂ ಹಾಗೇ ಅಂತ ಗ್ರಹಿಸಿದೆ. ನೀನು ಹಚ್ಚಿದ್ರೂ ತೆಗೆದ್ರೂ ದಾನೇಶ್ವರಿಯೇ. ಎಂಟು ತಿಂಗಳು ಎದುರಿಗೇ ಇದ್ದೆ, ನನಗೆ ಗೊತ್ತಾಗ್ಲಿಲ್ಲ. ನೀನಂದ್ರೆ ನನಗೆ ಇಷ್ಟ, ಮಾರಾಯ್ತಿ. ಬೆಳಿಗ್ಗೆದೂ. ಇದೂ."

"ಡೈಲಾಗ್ ಬ್ಯಾಡ," ಎಂದಳು. ಐಸನ್ನು ಗದ್ದಕ್ಕೆ ಒತ್ತಿಕೊಂಡಳು. ಆಮೇಲೆ ಬಿಲ್ಲಿನ ಕಥೆ ಹೇಳಿದಳು. ಇಡ್ಲಿ ಬೇರೆ, ವಡೆ ಬೇರೆ. ಅವನು ತೊಡೆ ತಟ್ಟಿ ನಕ್ಕ. "ನಿನಗ ಉಪಕಾರ ಹೇಳಾಕ ಬಂದಿಲ್ಲ," ಎಂದಳು ಅವಳು. "ನನಗ ಅದಕ್ಕೂ ಸಿಟ್ಟೈತಿ."

"ಇನ್ನೆಷ್ಟು ಸಿಟ್ಟಿಂಗ್?"

"ಏಳ. ತಿಂಗಳಿಗೊಂದು."

"ಹಾಗಾದ್ರೆ ಏಳು ಸಂಜೆ ಸಿಕ್ತದೆ ನನಗೆ."

ದಾನೇಶ್ವರಿ ಐಸಿನ ಬಟ್ಟೆಯನ್ನು ಕೆಳಗಿಳಿಸಿ ಅವನನ್ನು ಓರೆಗಣ್ಣಲ್ಲಿ ನೋಡಿದಳು. "ಬರೇ ಏಳ?"

ಅವನ ಕಿವಿಗಳು ಮೆಲ್ಲಗೆ ಕೆಂಪಾದವು. ಅವಳ ಮುಖಕ್ಕೆ ಲೇಸರ್ ಮಾಡಿದ್ದನ್ನು ಅವನ ಕಿವಿಗೆ ಆ ಎರಡು ಮಾತು ಮಾಡಿತ್ತು.

ಒಳಗಿನಿಂದ ಮಾವನ ಗುಡುಗು ಬಂತು: "ಗಲ್ಲಾದಲ್ಲಿ ಯಾರೂ ಇಲ್ವಾ? ಚೆನ್ನಯಾ!"

ಅವನು ಏಳಲಿಲ್ಲ.

"ನಾಳಿ ಆಟಕ್ಕ ಬರ್ತೀನಿ," ಎಂದಳು ದಾನೇಶ್ವರಿ. "ಮಾಸ್ಕ್ ಇಲ್ದ. ಮುಂದಿನ ಸಾಲಿನ್ಯಾಗ ಕುಂದರ್ತೀನಿ. ಆ ಕೆಂಪು ಸರಿಯಾಗಿ ಹಚ್ಕೊಂಡು ಬಾ. ರಾಣಿ ಗದ್ದ ಹಸರ ಕಾಣಿಸ್ತಂದ್ರ ಕೂಗಿ ಹೇಳ್ತೀನಿ, ನೋಡ."